ಮರದ ನೆರಳಿನ ಒಲೆ

ಯುದ್ಧಕಾಲದಲ್ಲಿ ಗುಡ್ಡದೊಳಗೆ ಕೊರೆದಿದ್ದ ಹಳೆಯ ಫಿರಂಗಿ ಸುರಂಗವನ್ನು ಜನರಿಗೆ ತೆರೆಯುವ ದಿನಗಳಂದು ನೆವಿಲ್ ಎಲ್ಲರಿಗಿಂತ ಮೊದಲು ಗುಡ್ಡ ಹತ್ತುತ್ತಿದ್ದ. ಮೊದಲ ಕೆಲಸ, ಪೊಹುತುಕಾವಾ ಮರದ ಕೆಳಗೆ ಗ್ಯಾಸ್ ಒಲೆ ಹೂಡುವುದು. ಸಮುದ್ರದ ಗಾಳಿಗೆ ಒಲೆ ಆರದೆ ಉರಿಯುವ ಜಾಗ ಇಡೀ ಗುಡ್ಡದಲ್ಲಿ ಅದೊಂದೇ. ಸುರಂಗ ನೋಡಿಕೊಳ್ಳುವುದರಲ್ಲಿ ಅವನ ಜೊತೆಗಾರ್ತಿ ಡೋರೀನ್ ಅಲ್ಲಿ ಈರುಳ್ಳಿ, ಸಾಸೇಜು ಹುರಿದು ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಿದ್ದಳು. ಆ ವ್ಯಾಪಾರದ ದುಡ್ಡಿನಿಂದಲೇ ಸುರಂಗದ ದೀಪಗಳು ಉರಿಯುತ್ತಿದ್ದವು. ಒಳಗಿನ ಒಂದೊಂದು ತಂತಿಯನ್ನೂ ಎಳೆದವನು ನೆವಿಲ್, ಅದೂ ಬಿಟ್ಟಿಯಾಗಿ. ಒಳ್ಳೆಯ ಮನುಷ್ಯ. ಒಳ್ಳೆಯವರು ತಿಳಿಯದೆ ಮಾಡುವ ನೋವಿಗೆ ಯಾರನ್ನು ಬೈಯುವುದು?

ಅಂದು ಬಂದ ಗುಂಪಿನಲ್ಲಿ ಆ ನಾಡಿನ ಮೂಲನಿವಾಸಿಗಳಾದ ಮಾವೋರಿ ಜನದ, ಕೋಲೂರಿಕೊಂಡ ಮುದುಕಿಯೊಬ್ಬಳಿದ್ದಳು, ಮೆರೆಯಾನ ಅಂತ. ಮೊಮ್ಮಗಳು ಕೈ ಹಿಡಿದಿದ್ದಳು. ನೆವಿಲ್ ಮದ್ದುಗುಂಡಿನ ಕೋಣೆ, ಸಿಪಾಯಿಗಳು ಮಲಗುತ್ತಿದ್ದ ಕೋಣೆ ತೋರಿಸುತ್ತಾ, ಜಪಾನಿನ ಹಡಗುಗಳಿಗಾಗಿ ಕಾದ ಕಥೆ ಹೇಳಿದ.

"ಕೊನೆಗೂ ಹಡಗು ಬರಲೇ ಇಲ್ಲ. ಇಷ್ಟು ದೊಡ್ಡ ಫಿರಂಗಿ ಒಬ್ಬನನ್ನೂ ಓಡಿಸಲಿಲ್ಲ ನೋಡಿ."

ಜನ ನಕ್ಕರು. ಪ್ರತಿ ಸಲವೂ ನಗುತ್ತಿದ್ದರು.

"ನಮ್ಮನ್ನ ಓಡಿಸ್ತಲ್ಲಪ್ಪಾ," ಎಂದಳು ಮೆರೆಯಾನ. ಹತ್ತಿರವಿದ್ದ ನೆವಿಲ್‌ಗೆ ಮಾತ್ರ ಕೇಳಿಸಿತು.

ಹೊರಗೆ ಬಂದವಳೇ ಅವಳು ನಲ್ಲಿ ಹುಡುಕಿದಳು.

"ಬಾಯಾರಿಕೆನಾ ಅಮ್ಮಾ? ಬನ್ನಿ, ಒಲೆ ಹತ್ರ ಬಾಟಲಿ ಇದೆ," ಎಂದ ನೆವಿಲ್.

ಅವಳು ಮರದತ್ತ ಬರಲಿಲ್ಲ. ಅವನೇ ತಂದುಕೊಟ್ಟ. ಅವಳು ಕುಡಿಯದೆ, ಅಂಗೈಗೆ ಸುರಿದು ತಲೆಗೆ ಚಿಮುಕಿಸಿ, ಕೈ ತೊಳೆದುಕೊಂಡಳು.

"ಒಳಗೆ ಏನಾದ್ರೂ ಮೆತ್ಕೊಂತಾ?"

"ಸತ್ತವರ ಜಾಗದಿಂದ ನೀರು ಮುಟ್ಟದೆ ಮನೆಗೆ ಹೋಗ್ತಾರಾ? ನಮ್ಮ ಹಿರೀಕರೆಲ್ಲ ಮಲಗಿರೋದು ಈ ಗುಡ್ಡದಲ್ಲೇ. ನನ್ನಜ್ಜಿ ಆ ಮರದ ಬುಡದಲ್ಲಿದ್ದಾಳೆ. ನಿಮ್ಮ ಒಲೆ ಕೆಳಗೆ."

ನೆವಿಲ್‌ನ ಕೈಯಲ್ಲಿ ಅರ್ಧ ತಿಂದ ಬ್ರೆಡ್ಡಿತ್ತು. ಅದನ್ನು ಎಲ್ಲಿಡುವುದೆಂದು ಅವನಿಗೆ ತೋಚಲಿಲ್ಲ.

"ಫಿರಂಗಿ ಇಡೋಕೆ ಅಂತ ಸರ್ಕಾರದವರು ನಮ್ಮ ಗುಡ್ಡ ತಗೊಂಡ್ರು, ಯುದ್ಧ ಮುಗಿದ್ಮೇಲೆ ವಾಪಸ್ ಕೊಡ್ತೀವಿ ಅಂದಿದ್ರು. ನಮ್ಮಮ್ಮ ಕಚೇರಿ ಕಚೇರಿ ಅಲೆದ್ಲು. ಆಮೇಲೆ ನಾನು ಅಲೆದೆ. ಈಗ ಕಾಲಲ್ಲಿ ಶಕ್ತಿ ಇಲ್ಲ. ಭೂಮಿ ಕೇಳೋಕೆ ಬಂದಿಲ್ಲಪ್ಪಾ. ಅವರ ಮೇಲೆ ಕೂತು ಉಣ್ಣಬೇಡಿ, ಅಷ್ಟೇ."

ಡೋರೀನ್ ಚಿಮಟ ಹಿಡಿದೇ ಬಂದಳು. "ಇಷ್ಟು ವರ್ಷ ಯಾರೂ ಹೇಳಿಲ್ವಲ್ಲ? ಗುರುತಿಗೆ ಒಂದು ಕಲ್ಲಾದ್ರೂ ಇದೆಯಾ?"

"ಕಲ್ಲಿತ್ತಮ್ಮ. ಫಿರಂಗಿ ಎಳೆಯೋ ರಸ್ತೆಗೆ ಹಾಕ್ಕೊಂಡ್ರು."

"ಒಲೆ ಇಲ್ಲ ಅಂದ್ರೆ ದೀಪ ಇಲ್ಲ. ದೀಪ ಇಲ್ಲ ಅಂದ್ರೆ ಸುರಂಗಕ್ಕೆ ಬೀಗ. ನಮ್ಮಪ್ಪ ಇಲ್ಲೇ ಕಾವಲಿದ್ದ. ಅವನ ನೆನಪು ನೆನಪಲ್ವಾ?"

"ಯಾರು ಅಲ್ಲ ಅಂದ್ರು? ನಿಮ್ಮಪ್ಪ ಮಲಗ್ತಿದ್ದ ಕೋಣೇಲೂ ತಲೆಬಾಗಿ ನಿಂತು ಬಂದೆ."

ಡೋರೀನ್ ಚಿಮಟ ಕೆಳಗಿಳಿಸಿದಳು.

"ಒಲೆ ನನ್ನ ಕೈಲಿದೆ ಅಮ್ಮಾ, ತೆಗೀತೀನಿ. ಗುಡ್ಡ ನನ್ನ ಕೈಲಿಲ್ಲ," ಎಂದ ನೆವಿಲ್.

"ಗೊತ್ತು. ನನ್ನನ್ನಾದ್ರೂ ಅಜ್ಜಿ ಪಕ್ಕ ಮಲಗಿಸ್ತೀರಾ ಅಂತ ಕಚೇರೀಲಿ ಕೇಳಿದ್ದೆ. ಆಗಲ್ಲ ಅಂದ್ರು."

ಅವಳು ಬಾಟಲಿ ಹಿಂದಿರುಗಿಸಿ, ಮೊಮ್ಮಗಳ ಕೈ ಹಿಡಿದು ಗುಡ್ಡ ಇಳಿದಳು.

ಮುಂದಿನ ಸಲ ಸುರಂಗ ತೆರೆದಾಗ ಒಲೆ ಬಯಲಿಗೆ ಬಂತು. ಉರಿ ಮತ್ತೆ ಮತ್ತೆ ಆರಿತು. ಡೋರೀನ್ ಗೊಣಗುತ್ತಲೇ ತಗಡು ಅಡ್ಡ ಹಿಡಿದು ನಿಂತಳು. ವ್ಯಾಪಾರ ಕುಸಿಯಿತು, ಸುರಂಗದ ಅರ್ಧ ದೀಪಗಳು ಉರಿಯಲಿಲ್ಲ. ಕಥೆಯಲ್ಲಿ ಜನ ನಗುತ್ತಿದ್ದ ಕಡೆ ನೆವಿಲ್, "ಫಿರಂಗಿ ಓಡಿಸಿದ್ದು ಈ ಗುಡ್ಡದವರನ್ನೇ," ಎಂದ. ಯಾರೂ ನಗಲಿಲ್ಲ. ಬಾಗಿಲಲ್ಲಿ ಅವನು ನೀರಿನ ಬಕೆಟ್ಟು, ಚೊಂಬು ಇಟ್ಟಿದ್ದ. ಧೂಳಿಗೆಂದು ತಿಳಿದು ಎಲ್ಲರೂ ಕೈ ತೊಳೆದರು.

ಸಂಜೆ ಗೇಟು ಮುಚ್ಚುವ ಹೊತ್ತಿಗೆ ಮೆರೆಯಾನಳ ಮೊಮ್ಮಗಳು ಒಬ್ಬಳೇ ಬಂದಳು.

"ಅಜ್ಜಿ ಎಲ್ಲಮ್ಮಾ?"

"ಹೋದ ತಿಂಗಳು ಹೋಗ್ಬಿಟ್ರು. ಪೇಟೆ ಸ್ಮಶಾನದಲ್ಲಿ ಮಣ್ಣು ಮಾಡಿದ್ವಿ." ಅವಳು ಒಲೆಯಿಲ್ಲದೆ ಖಾಲಿಯಿದ್ದ ಮರದ ಬುಡವನ್ನು ನೋಡಿದಳು. "ಸರ್, ಸ್ವಲ್ಪ ಹೊತ್ತು ಅಲ್ಲಿ ಕೂತ್ಕೋಬಹುದಾ? ತಪ್ಪಾಗಲ್ಲ ತಾನೆ?"

ತನ್ನವರ ಪಕ್ಕ ಕೂರಲು ಆ ಹುಡುಗಿ ಅವನ ಅಪ್ಪಣೆ ಕೇಳುತ್ತಿದ್ದಳು. ನೆವಿಲ್ ತಲೆ ತಗ್ಗಿಸಿ, ಮುಚ್ಚುತ್ತಿದ್ದ ಗೇಟನ್ನು ಮತ್ತೆ ಅಗಲವಾಗಿ ತೆರೆದ. ಅವಳು ತಾನಾಗಿ ಎದ್ದು ಬರುವವರೆಗೂ ಅವನು ಬೀಗದ ಕೈ ಹಿಡಿದು ಗೇಟಿನ ಹೊರಗೆ ನಿಂತೇ ಇದ್ದ.