ಕೆಂಪಿಯ ಕೆಚ್ಚಲು

ಮನೋಹರಗೌಡರ ಕೊಟ್ಟಿಗೆಯಲ್ಲಿ ಮಾಯಮ್ಮ ಸಗಣಿ ಬಾಚುತ್ತಾ ಹದಿನೆಂಟು ವರ್ಷವಾಗಿತ್ತು. ಹಸು ಕೆಂಪಿ ಹುಟ್ಟಿದ ದಿನ ಮೈಯ ಲೋಳೆ ಒರೆಸಿ ನಿಲ್ಲಿಸಿದವಳೂ ಅವಳೇ. ಆದರೆ ಕೆಚ್ಚಲು ಮುಟ್ಟುವಂತಿರಲಿಲ್ಲ. ಹಾಲು ದೇವರ ಮನೆಗೆ ಹೋಗುತ್ತದಲ್ಲ, ಕರೆಯುವುದು ಗೌಡರ ಹೆಂಡತಿ ಸುವರ್ಣಮ್ಮನೇ. ಸಗಣಿಗಿಲ್ಲದ ಮೈಲಿಗೆ ಹಾಲಿಗೆ ಮಾತ್ರ. ಆ ಮನೆಯ ಕಾನೂನು ಹಾಗಿತ್ತು.

ಒಂದು ಬೆಳಿಗ್ಗೆ ಕೆಂಪಿ ಹಿಂಗಾಲು ಅಗಲಿಸಿ ನಿಂತಿದ್ದಳು. ಕೆಚ್ಚಲ ಎಡಭಾಗ ಊದಿ ಕೆಂಪಗಾಗಿತ್ತು.

"ಅವ್ವಾರೆ, ಕೆಚ್ಚಲು ಬಾವು ಕಣವ್ವಾ ಇದು. ಡಾಕ್ಟ್ರುನ್ನ ಕರ್ಸಿ."

"ಅಲ್ಲಿ ನೋಡು ಅಂತ ನಿಂಗ್ಯಾರ್ ಏಳಿದ್ರು? ನಿನ್ ಕಣ್ಣೇ ಬಿದ್ದಿರ್ಬೇಕು," ಎಂದಳು ಸುವರ್ಣಮ್ಮ.

ಮೂರು ದಿನ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೇ ಬಂತು. ನಾಲ್ಕನೆಯ ದಿನ ಹಾಲಿನ ಬದಲು ರಕ್ತ, ಕೀವು. ಹಿರೀಸಾವೆಯಿಂದ ಬಂದ ಡಾಕ್ಟರು ಸೂಜಿ ಚುಚ್ಚಿ ಹೇಳಿದರು: "ತಡ ಮಾಡಿದ್ರಿ. ಎರಡು ಗಂಟೆಗೊಂದ್ಸಲ ಪೂರ್ತಿ ಹಿಂಡಿ ತೆಗೀಬೇಕು. ಇಲ್ಲಾಂದ್ರೆ ಕೆಚ್ಚಲೇ ಹೋಗುತ್ತೆ."

ಸುವರ್ಣಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು.

"ಮಾಯಿ, ನೀನೇ ಇಂಡು," ಎಂದರು ಗೌಡರು.

"ನಾನಾ ಗೌಡ್ರೆ?"

"ಇದು ತಿಪ್ಪೆ ಗುಂಡಿಗ್ ತಾನೆ ಓಗೋದು? ಇಂಡು."

ಮಾಯಮ್ಮ ಕೈ ತೊಳೆದು ಕುಕ್ಕರಗಾಲಲ್ಲಿ ಕೂತಳು. ಕೆಂಪಿ ಒದ್ದಳು. ಮಾಯಮ್ಮನ ಮೊಣಕಾಲು ಬಾತುಕೊಂಡಿತು. "ತಡ್ಕೊ ನನ್ ಕಂದ, ಇನ್ನೊಸಿ ತಡ್ಕೊ," ಎನ್ನುತ್ತಲೇ ಹಿಂಡಿದಳು. ಒಂಬತ್ತು ದಿನ ಹೀಗೇ. ಮನೆಗೆ ಹೋಗಿ ಮುದ್ದೆ ಮುರಿದರೆ ಕೈಯೆಲ್ಲ ಕೀವಿನ ನಾತ. ಒಂದು ಮೊಲೆ ಬತ್ತಿಹೋಯಿತು, ಮೂರು ಉಳಿದವು.

ಹತ್ತನೆಯ ದಿನ ಬೆಳ್ಳಗಿನ ಹಾಲು ಬಂತು. ಮಾಯಮ್ಮ ಕೆಂಪಿಯ ಹೊಟ್ಟೆಗೆ ಹಣೆಯಿಟ್ಟು ಅತ್ತಳು.

"ಸಾಕು, ಏಳು. ಇನ್ ನಾನ್ ಕರ್ಕೋತೀನಿ," ಸುವರ್ಣಮ್ಮ ಬಂದಳು. ಕೈಯಲ್ಲಿ ಅರಿಶಿನದ ನೀರು. ಮಾಯಮ್ಮ ಮುಟ್ಟಿದ ಮೊಲೆಗಳಿಗೆಲ್ಲ ಚಿಮುಕಿಸಿ, ಉಜ್ಜಿ ಉಜ್ಜಿ ತೊಳೆದಳು.

"ಕೀವಿಗಾದ ಕೈ ಆಲ್ಗೆ ಆಗಕಿಲ್ವಾ ಅವ್ವಾರೆ?"

ಸುವರ್ಣಮ್ಮ ಇನ್ನೊಂದು ಬೊಗಸೆ ಅರಿಶಿನದ ನೀರು ಎರಚಿದಳು. ಗೌಡರೇ ಮಾತಾಡಿದರು: "ಸಗಣಿ ಬಿದ್ದದೆ ನೋಡು. ಬಾಚು."

ಮಾಯಮ್ಮ ಸಗಣಿ ಹೊರುವ ಮಂಕರಿ ತಂದಳು. ಗೌಡರ ಕಾಲ ಬಳಿ ಇಟ್ಟಳು.

"ನಂಗೆ ಮೈಲಿಗೆ ಆಯ್ತದೆ. ನೀವೇ ಬಾಚ್ಕಳಿ ಗೌಡ್ರೆ."

ಅಂಗಳ ದಾಟುವಾಗ ಹಿಂದಿನಿಂದ ಕೆಂಪಿ ಅಂಬಾ ಎಂದಳು. ಮತ್ತೆ ಮತ್ತೆ ಕೂಗಿದಳು. ತಿರುಗಿ ನೋಡಿದರೆ ಹೋಗಲಾಗುವುದಿಲ್ಲವೆಂದು ಮಾಯಮ್ಮನಿಗೆ ಗೊತ್ತಿತ್ತು. ಕಣ್ಣೊರೆಸಿಕೊಳ್ಳುತ್ತಾ ಕೇರಿಯ ಕಡೆ ನಡೆದಳು.