ಒಡೆಯೋದಕ್ಕೆ ಒಂದು

ಹಿತ್ತಲ ಬಾಗಿಲ ಪಕ್ಕದ ಗೋಡೆಯ ಮೇಲೆ ನನ್ನ ತಮ್ಮ ಪೆನ್ಸಿಲಿನಲ್ಲಿ ‘ಕೋಳಿ ಐದು’ ಎಂದು ಬರೆದು ಸುತ್ತ ಗೆರೆ ಎಳೆದಿದ್ದನ್ನು ನೋಡಿ ನಾನು ಖುಷಿಪಟ್ಟೆ. ಆ ಖುಷಿಗೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ತಮ್ಮ ಟೈಲ್ಸ್ ಹಾಕುವವನು. ಕಾಗದದ ಮೇಲೆ ಅವನಿಗೆ ಯಾವ ಲೆಕ್ಕವೂ ಕೂಡುವುದಿಲ್ಲ, ಗೋಡೆಯೇ ಬೇಕು. ಕೆಲಸಕ್ಕೆ ಹೋದ ಮನೆಗಳಲ್ಲಾದರೆ ಆ ಗೀಚಾಟದ ಮೇಲೆ ಟೈಲ್ಸ್ ಬಂದು ಕೂತು ಎಲ್ಲ ಮುಚ್ಚಿಹೋಗುತ್ತದೆ. ನಮ್ಮ ಮನೆಯ ಗೋಡೆಗಳಿಗೆ ಟೈಲ್ಸ್ ಹಾಕಲು ಮಾತ್ರ ಅವನಿಗೆ ಇನ್ನೂ ಪುರುಸೊತ್ತಾಗಿಲ್ಲ. ಹಾಗಾಗಿ ಕಪಾಟಿನ ಅಳತೆ, ನೀರಿನ ಡ್ರಮ್ಮಿನ ಸುತ್ತಳತೆ, ಮಕ್ಕಳ ಎತ್ತರ ಎಲ್ಲವೂ ಗೋಡೆಯ ಮೇಲೇ ಉಳಿದುಬಿಟ್ಟಿವೆ. ಹಿತ್ತಲಲ್ಲಿ ಕೋಳಿ ಸಾಕೋಣ ಎಂದು ಅವನ ಹೆಣ್ಣುಮಕ್ಕಳು ಹಟ ಹಿಡಿದು ತಿಂಗಳಾಗಿತ್ತು. ಸಾಕುವುದೇನೋ ಸರಿ, ಎಷ್ಟು ಎಂಬುದರ ಮೇಲೆ ದಿನಾ ಊಟದ ಹೊತ್ತಿಗೆ ಜಗಳ. ಗೋಡೆಗೆ ಬಂತು ಎಂದರೆ ಇತ್ಯರ್ಥವಾಯಿತು ಎಂದೇ ಅರ್ಥ.

ಮನೆಯಲ್ಲಿ ನಾವು ಐದು ಜನ. ತಮ್ಮ, ಅವನ ಹೆಂಡತಿ, ಇಬ್ಬರು ಹುಡುಗಿಯರು, ನಾನು. ಗಂಡನ ಮನೆ ಬಿಟ್ಟು ಒಂದು ಟ್ರಂಕು ಹಿಡಿದು ಬಂದ ನನಗೆ ತಮ್ಮ ಅಡುಗೆಮನೆಯ ಹಿಂದಿನ ಕೋಣೆಯಿಂದ ಟೈಲ್ಸಿನ ಪೆಟ್ಟಿಗೆಗಳನ್ನು ಎತ್ತಿ ಹೊರಗಿಟ್ಟು ಜಾಗ ಮಾಡಿಕೊಟ್ಟ. ಆಗ ದೊಡ್ಡ ಹುಡುಗಿಗೆ ಐದು ವರ್ಷ, ಚಿಕ್ಕವಳು ಇನ್ನೂ ಹುಟ್ಟಿರಲಿಲ್ಲ. ಒಂಬತ್ತು ವರ್ಷ ಕಳೆಯಿತು. ಚಿಕ್ಕವಳಿಗೆ ನಡಿಗೆ ಕಲಿಸಿದವಳು ನಾನು. ಹಾಗಿದ್ದೂ ಈ ಮನೆಯವರು ‘ನಾವು’ ಎನ್ನುವಾಗ ಅದರಲ್ಲಿ ನಾನು ಇದ್ದೇನೋ ಇಲ್ಲವೋ ಎಂದು ಒಂದು ದಿನವೂ ಬಾಯಿ ಬಿಟ್ಟು ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ, ಆ ಭಯ. ಈಗ ಗೋಡೆಯೇ ಐದು ಎನ್ನುತ್ತಿತ್ತು.

ನನ್ನ ಕೆಲಸ ಊರಾಚೆಯ ಕೋಳಿ ಫಾರಮ್ಮಿನಲ್ಲಿ. ಆರು ವರ್ಷ ಕೋಳಿಗಳ ಶೆಡ್ಡಿನಲ್ಲಿ ದುಡಿದೆ, ಈಗ ಮೊಟ್ಟೆ ಆರಿಸುವ ಕತ್ತಲೆ ಕೋಣೆಯಲ್ಲಿದ್ದೇನೆ. ಎದುರಿಗೊಂದು ದೀಪದ ಪೆಟ್ಟಿಗೆ. ಮೊಟ್ಟೆಯನ್ನು ಅದರ ಬೆಳಕಿಗೆ ಹಿಡಿದರೆ ಒಳಗಿನ ರಕ್ತದ ಚುಕ್ಕೆ, ಕೂದಲೆಳೆಯಷ್ಟು ಬಿರುಕು ಕೂಡ ಕಾಣುತ್ತದೆ. ಕೆಟ್ಟದ್ದನ್ನು ತೆಗೆದಿಟ್ಟು ಒಳ್ಳೆಯದನ್ನು ಮೂವತ್ತರ ಟ್ರೇಯಲ್ಲಿ ಕೂರಿಸಬೇಕು. ಕೋಳಿ ಕೊಕ್ಕೆನ್ನುವ ರೀತಿಯಲ್ಲೇ ಅದಕ್ಕೆ ಹಸಿವೋ ಕಾಯಿಲೆಯೋ ಎಂದು ನಾನು ಹೇಳಬಲ್ಲೆ. ಈ ಮನೆಯಲ್ಲಿ ಕೋಳಿಯ ವಿಷಯ ತಿಳಿದಿರುವವಳು ನಾನೊಬ್ಬಳೇ. ಆದರೂ ತಿಂಗಳ ಜಗಳದಲ್ಲಿ ಒಬ್ಬರೂ ನನ್ನ ಕಡೆ ತಿರುಗಿ ‘ನೀನೇನು ಹೇಳ್ತೀಯ’ ಎಂದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಒಪ್ಪಿದೆ. ಹಿತ್ತಲಿನದೇ ವಿಷಯಕ್ಕೂ ಮದ್ದಲ್ಲವೇ?

ಆ ಗೊಣಗಾಟವನ್ನೂ ಐದು ನೋಡಿದ ಮೇಲೆ ಬಿಟ್ಟುಬಿಟ್ಟೆ. ಹಿತ್ತಲು ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಬಟ್ಟೆ ಒಗೆಯುವ ಕಲ್ಲು, ಒಣಹಾಕುವ ಹಗ್ಗ, ಒಂದು ನಿಂಬೆ ಗಿಡ ಇವಿಷ್ಟನ್ನು ಕಳೆದರೆ ಉಳಿಯುವುದು ಅರ್ಧ. ಅಷ್ಟು ಜಾಗದಲ್ಲಿ ಮೂರಕ್ಕಿಂತ ಹೆಚ್ಚು ಕೋಳಿ ಬಿಟ್ಟರೆ ಒಂದನ್ನೊಂದು ಕುಕ್ಕಿಕೊಳ್ಳುತ್ತವೆ. ಗೊತ್ತಿತ್ತು. ಗೊತ್ತಿದ್ದೂ ತುಟಿ ಬಿಚ್ಚಲಿಲ್ಲ. ಮೂರು ಎಂದರೆ ಐದು ಹೋಗುತ್ತದೆ, ಐದು ಹೋದರೆ ನಾನು ಹೋಗುತ್ತೇನೆ. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಸಂಜೆ ತಮ್ಮ ಕೆಲಸ ಮುಗಿಸಿ ಬಂದು ಮಂಡಿಗೆ ಅಂಟಿದ ಸಿಮೆಂಟು ಉಜ್ಜಿಕೊಳ್ಳುತ್ತ ಹಿತ್ತಲ ಮೆಟ್ಟಿಲ ಮೇಲೆ ಕೂತ. ನಾನು ಟೀ ಕೊಟ್ಟೆ. ಸುಮ್ಮನಿರಬಾರದೇ? ಬಿಂಕ ಬಂದುಬಿಟ್ಟಿತ್ತು.

“ನಂಗ್ಯಾಕೋ ಒಂದು ಕೋಳಿ? ದಿನಾ ಮೊಟ್ಟೆ ನೋಡಿ ನೋಡಿ ಕಣ್ಣು ಬೆಳ್ಳಗಾಗಿದೆ. ನಾಲ್ಕೇ ಸಾಕಿತ್ತು” ಎಂದೆ.

“ನಿಂಗಾ?” ಎಂದ ಅವನು. ಗೋಡೆ ನೋಡಿದ, ನನ್ನನ್ನು ನೋಡಿದ. “ಅಲ್ಲ ಅಕ್ಕ, ಅದು ಒಡೆಯೋದಕ್ಕೆ.”

“ಏನು?”

“ನಾಲ್ಕು ಜನಕ್ಕೆ ದಿನಕ್ಕೆ ನಾಲ್ಕು ಮೊಟ್ಟೆ. ನಾಲ್ಕು ಕೋಳಿ. ಒಡೆಯೋದಕ್ಕೆ ಒಂದು. ಟೈಲ್ಸಿಗೆ ನೂರಕ್ಕೆ ಹತ್ತು ಹೆಚ್ಚಿಗೆ ತರ್ತೀವಲ್ಲ, ಹಾಗೆ. ಒಂದು ಸತ್ರೂ ಕಮ್ಮಿ ಬೀಳ್ಬಾರ್ದು.”

ಕುಹಕವಿಲ್ಲ, ಕೊಂಕಿಲ್ಲ. ನಾಳೆ ಬಿಸಿಲು ಜೋರು ಎನ್ನುವಷ್ಟೇ ಸಹಜವಾಗಿ ಹೇಳಿದ. ಬೇಕೆಂದೇ ನನ್ನನ್ನು ಬಿಟ್ಟಿದ್ದರೆ ಎರಡು ಮಾತು ಬೈದು ಸುಮ್ಮನಾಗುತ್ತಿದ್ದೆ. ಬಿಟ್ಟಿದ್ದು ಅವನಿಗೆ ಗೊತ್ತೇ ಇರಲಿಲ್ಲ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

“ನಾಲ್ಕು ಜನ ಯಾರ್ಯಾರು? ಎಣಿಸು.”

“ಏನಕ್ಕ ನೀನು. ನಾನು, ಇವಳು, ದೊಡ್ಡವಳು, ಚಿಕ್ಕ...” ನಾಲ್ಕು ಬೆರಳು ಎತ್ತಿದವನು ಅಲ್ಲಿಗೇ ನಿಂತ. ಹೆಬ್ಬೆರಳು ಅಂಗೈಗೆ ಮಡಚಿಕೊಂಡೇ ಇತ್ತು.

“ಗೂಡು ಯಾರು ಗುಡಿಸ್ಬೇಕು ಅಂತ ಲೆಕ್ಕ ಹಾಕಿದ್ದೆ?”

“ನೀನಿದ್ದೀಯಲ್ಲ” ಎಂದ, ಬಾಯಿ ತಪ್ಪಿ.

ಗುಡಿಸುವ ಲೆಕ್ಕಕ್ಕೆ ಇದ್ದೇನೆ, ತಿನ್ನುವ ಲೆಕ್ಕಕ್ಕೆ ಇಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಚಿಕ್ಕ ಮಕ್ಕಳಿಗೆ ಹೇಳುತ್ತಾರೆ. ನನಗೆ ಆಗಲೇ ನಲವತ್ತಾರು. “ಒಂದು ತಿಂಗಳು ಬಡ್ಕೊಂಡ್ರಲ್ಲ, ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ವಾ?” ಎಂದು ಕೂಗಿದೆ.

ಕೂಗು ಕೇಳಿ ತಮ್ಮನ ಹೆಂಡತಿ ಒಳಗಿನಿಂದ ನಗುತ್ತ ಬಂದಳು. ಏನು ನಡೆದಿದೆ ಎಂದು ಅವಳಿಗೆ ತಿಳಿಯದು. “ಅಯ್ಯೋ ಅತ್ತಿಗೆ, ಕೋಳಿನ ಕೇಳಿ ಮಸಾಲೆ ಅರೀತಾರಾ?” ಎಂದಳು.

ತಮಾಷೆಗೇ ಹೇಳಿದ್ದು, ನನಗೆ ಗೊತ್ತು. ಆದರೆ ಆ ಹೊತ್ತಿಗೆ ಆ ಮಾತು! ಟೀ ಲೋಟ ಎತ್ತಿ ಒಗೆಯುವ ಕಲ್ಲಿಗೆ ಬಡಿದೆ. ಸ್ಟೀಲಿನ ಲೋಟ, ನೆಗ್ಗಿತೇ ಹೊರತು ಒಡೆಯಲಿಲ್ಲ. ಅದೂ ನನ್ನ ಸಿಟ್ಟು ಹೆಚ್ಚಿಸಿತು. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ.

ಮುಂದಿನ ವಾರ ಗೂಡು ಎದ್ದಿತು, ಐದು ಕೋಳಿ ಬಂದವು. ಗೂಡನ್ನು ತಮ್ಮ ತನ್ನ ರಸಮಟ್ಟ ಇಟ್ಟು ಕೂದಲೆಳೆ ಏರುಪೇರಿಲ್ಲದೆ ಕಟ್ಟಿದ್ದ. ನೆಲಕ್ಕೆ ಏನು ಹಾಸಿದ್ದ ಗೊತ್ತೇ? ಯಾರದೋ ಹಜಾರಕ್ಕೆ ಹಾಕಿ ಉಳಿದ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ಕೋಳಿಗಳು ಕಾಲಿಟ್ಟ ಕೂಡಲೇ ಜಾರಿ, ಕಾಲು ಅಗಲಿಸಿ, ಎದೆ ಊರಿ ಬಿದ್ದವು. ಬೀಳಲಿ ಎಂದು ನೋಡುತ್ತ ಕೂತೆ. ಎರಡು ದಿನ ಕೂತೆ. ಮೂರನೆಯ ದಿನ ತಡೆಯಲಾಗದೆ ಮರದ ಹೊಟ್ಟು ತಂದು ದಪ್ಪಗೆ ಹಾಸಿದೆ. ಕೋಳಿಗಳಿಗೋಸ್ಕರ ಹಾಸಿದ್ದು, ಅವನಿಗೋಸ್ಕರ ಅಲ್ಲ. ಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ. ಬೇಯಿಸಿದ ಮೊಟ್ಟೆ ತಟ್ಟೆಯ ಹತ್ತಿರ ಬಂದರೆ ದೂಡುತ್ತಿದ್ದೆ.

ಶನಿವಾರ ಸಂಜೆ ನಾನು ಫಾರಮ್ಮಿನಿಂದ ಬರುವಾಗ ತಮ್ಮ ಹಿತ್ತಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದ. ಒಳಗೆ ಒಂದು ಕಂದು ಕೋಳಿ.

“ಇದು ನಿಂದು ಅಕ್ಕ. ತಪ್ಪಾಯ್ತು” ಎಂದ. ಮುಖ ಅರಳಿತ್ತು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅದನ್ನು ಐದರ ನಡುವೆ ಬಿಟ್ಟೂಬಿಟ್ಟ.

ಕೂಡಿ ಬದುಕುತ್ತಿರುವ ಗುಂಪಿಗೆ ಹೊಸ ಕೋಳಿಯನ್ನು ಒಂಟಿಯಾಗಿ ಬಿಡಬಾರದು. ಫಾರಮ್ಮಿಗೆ ಸೇರಿದ ಮೊದಲ ವಾರವೇ ಕಲಿಸುವ ಪಾಠ ಅದು. ಆ ಸಂಜೆ ಕಂದು ಕೋಳಿ ಮೂಲೆ ಹಿಡಿದು ಕೂತಿತು, ಉಳಿದವು ಸುಮ್ಮನಿದ್ದವು. ಬೇರೆ ಇಡಲು ಜಾಗವೂ ಇರಲಿಲ್ಲ, ಅವನ ಕಾಣಿಕೆಯನ್ನು ಮುಟ್ಟುವ ಮನಸ್ಸೂ ನನಗಿರಲಿಲ್ಲ. ಬೆಳಗ್ಗೆ ಕಿರುಚಾಟಕ್ಕೆ ಎದ್ದು ಓಡಿದೆ. ಐದೂ ಅದರ ಮೇಲೆ ಬಿದ್ದು ಕುಕ್ಕುತ್ತಿದ್ದವು. ಬಾಲದ ಬುಡದಲ್ಲಿ ಗರಿ ಕಿತ್ತು ರಕ್ತ ಜಿನುಗುತ್ತಿತ್ತು, ತಪ್ಪಿಸಿಕೊಂಡು ಓಡಲು ಒಂದಡಿ ಜಾಗವಿಲ್ಲ. ಗೂಡಿಗೆ ನುಗ್ಗಿ ಅದನ್ನು ಎತ್ತಿ ಕಂಕುಳಲ್ಲಿ ಅವಚಿಕೊಂಡೆ. ಅದರ ಎದೆ ನನ್ನ ಪಕ್ಕೆಗೆ ಡಬಡಬ ಬಡಿಯುತ್ತಿತ್ತು.

ನಾಲ್ವರೂ ಹಿತ್ತಲಿಗೆ ಬಂದು ನಿಂತರು.

“ಕೋಳಿ ಬೇಕು ಅಂತ ಕೇಳಿದ್ನೇನೋ ನಾನು?” ಎಂದೆ ತಮ್ಮನಿಗೆ. “ನನ್ನನ್ನ ಎಣಿಸ್ಲಿಲ್ಲ ಅಂದ್ರೆ ಅಂಗಡಿಯಿಂದ ಒಂದು ತಂದು ಕೊಟ್ಬಿಡ್ತೀಯಾ? ಎಲ್ಲ ಒಂದಾಗಿ ಸೇರ್ಕೊಂಡ ಮೇಲೆ ಕೊನೇಲಿ ಒಂದನ್ನ ತಂದು ತಳ್ಳಿದ್ರೆ ಇದೇ ಆಗೋದು. ನೋಡು. ಹತ್ರ ಬಂದು ನೋಡು.”

ಅವನು ನೋಡಲಿಲ್ಲ. “ಎಷ್ಟು ಇಟ್ಕೊಳ್ಳೋಣ, ಈಗ ನೀನೇ ಹೇಳು ಅಕ್ಕ” ಎಂದ.

“ಮೂರು.”

“ಮೂರು ಎಲ್ಲಿ ಸಾಲುತ್ತೆ, ನಾಲ್ಕು...” ಎಂದು ಹೊರಟವನು ನಾಲಿಗೆ ಕಚ್ಚಿಕೊಂಡ.

“ಹೇಳು, ಪೂರ್ತಿ ಹೇಳು. ನಾಲ್ಕು ಜನ ಇದ್ದೀರಿ. ಜಾಗ ಇರೋದು ಮೂರು ಕೋಳಿಗೆ. ನಿಮ್ಮಲ್ಲಿ ಯಾರನ್ನ ಬಿಡೋಣ?”

ತಮ್ಮನ ಹೆಂಡತಿ ಆಗಲೇ ಒಣಗಿದ್ದ ಕೈಯನ್ನೇ ಮತ್ತೆ ಮತ್ತೆ ಸೆರಗಿಗೆ ಒರೆಸಿಕೊಂಡಳು. ದೊಡ್ಡವಳು ಕಾಲ್ಬೆರಳು ನೋಡುತ್ತ ನಿಂತಳು. ಚಿಕ್ಕವಳು ಮಾತ್ರ, “ಹಂಚ್ಕೊಂಡು ತಿನ್ನೋಕಾಗಲ್ವಾ ಅತ್ತೆ?” ಎಂದಳು. ಎಷ್ಟು ಜನಕ್ಕೆ ಹಂಚುತ್ತೀಯ ಎಂದು ಅವಳನ್ನು ಕೇಳುವ ಧೈರ್ಯ ನನಗಾಗಲಿಲ್ಲ.

“ನನ್ನನ್ನ ಬಿಡು” ಎಂದ ತಮ್ಮ. “ನಂಗೆ ಬೇಡ.”

“ಎಷ್ಟು ಸಲೀಸಾಗಿ ಹೇಳ್ಬಿಟ್ಟೆ! ಒಳಗಿರೋನಿಗೆ ಎದ್ದು ಹೊರಗೆ ಬರೋದು ಸುಲಭ ಕಣೋ. ನಿನ್ನ ಹೆಸರು ಇದೆ, ಅದಕ್ಕೆ ಅಳಿಸ್ಕೊಳ್ತೀಯ. ನಂದು ಬರೆದೇ ಇಲ್ವಲ್ಲ, ನಾನೇನು ಅಳಿಸ್ಕೊಳ್ಲಿ?”

ನನಗೆ ಕಣ್ಣೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಅದನ್ನು ಇವರು ದುಃಖವೆಂದುಕೊಂಡಾರು ಎಂದು ಇನ್ನಷ್ಟು ಸಿಟ್ಟು ಬಂತು.

ಗಾಯದ ಕೋಳಿಯನ್ನು ಅದೇ ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿದೆ. ಐದರಲ್ಲಿ ಜಗಳಗಂಟಿಗಳಾದ ಎರಡನ್ನು ಹಿಡಿದು ಬುಟ್ಟಿಗೆ ಹಾಕಿ ಮೇಲೆ ಬಟ್ಟೆ ಕಟ್ಟಿದೆ. ಮೊಟ್ಟೆ ಆರಿಸುವಾಗ ನನ್ನ ಪಕ್ಕ ಕೂರುವ ಚಷ್ಮದಕ್ಕನಿಗೆ ಊರ ಕೊನೆಯಲ್ಲಿ ದೊಡ್ಡ ಅಂಗಳವಿದೆ. ಗಾಯ ಮಾಯುವವರೆಗೆ ಇದನ್ನು ಬೇರೆ ಇಟ್ಟು ನೋಡಿಕೊಳ್ಳುವಷ್ಟು ತಿಳಿವಳಿಕೆಯೂ ಅವಳಿಗಿದೆ. ಹಿತ್ತಲಲ್ಲಿ ಮೂರು ಉಳಿದವು. ಅವು ಆಗಲೇ ರೆಕ್ಕೆ ಬಿಚ್ಚಿ ಕೊಡವಿಕೊಂಡು ನಿಂಬೆ ಗಿಡದ ಬುಡ ಕೆದಕತೊಡಗಿದ್ದವು. ಯಾರೂ ನನ್ನನ್ನು ತಡೆಯಲಿಲ್ಲ.

ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಬುಟ್ಟಿ. ಮುಂಬಾಗಿಲು ದಾಟಿ ಬೀದಿಗೆ ಇಳಿದಿದ್ದೆ. ಹಿಂದಿನಿಂದ ತಮ್ಮ ಬರಿಗಾಲಲ್ಲಿ ಓಡಿ ಬಂದ.

“ಅಕ್ಕ, ಸಂಜೆ ಬರ್ತೀಯಲ್ಲ?”

ಒಂಬತ್ತು ವರ್ಷ ದಿನಾ ಈ ಬಾಗಿಲಿನಿಂದ ಹೋಗಿ ದಿನಾ ಬಂದಿದ್ದೇನೆ. ಬರುತ್ತೀಯಾ ಎಂದು ಯಾರೂ ಕೇಳಿದ್ದಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಉತ್ತರ ಬಾಯಲ್ಲೇ ಇತ್ತು, ಕೊಡಲಿಲ್ಲ. ಇನ್ನೊಂದು ಸಲ ಕೇಳಲಿ ಎಂದು ಬೀದಿಯ ನಡುವೆ ಅವನಿಗೆ ಬೆನ್ನು ಹಾಕಿ ನಿಂತೆ.

ಕೇಳಿದ.