ಬೊಗ್ಗನ ಗಂಟಲಲ್ಲಿ ಮುಳ್ಳಿರಲಿಲ್ಲ

ಮೊಗ್ರಾಲಿನ ಕಡಲ ಬದಿಯಲ್ಲಿ ಮೀನು ಒಣಗಿಸುವ ಮನೆಗಳಿಗೆ ಕಾಗೆಯ ಕಾಟ. ಅದಕ್ಕೇ ಮನೆಗೊಂದು ನಾಯಿ. ನಾಯಿಯ ಗಂಟಲಿಗೆ ಮೀನಿನ ಮುಳ್ಳು ಸಿಕ್ಕುವುದು, ಮನೆಯವರು ಬಾಯಿಗೆ ಕೈಹಾಕಿ ತೆಗೆಯುವುದು, ಎರಡೂ ಅಲ್ಲಿ ಮಾಮೂಲು.

ಸಾವಿರದ ಒಂಬೈನೂರ ಐವತ್ತಮೂರರ ಮಳೆಗಾಲ ಕಳೆದಿತ್ತು. ಚೆನ್ನಪ್ಪನ ನಾಯಿ ಬೊಗ್ಗ ಎರಡು ದಿನದಿಂದ ದೋಣಿಯ ನೆರಳು ಬಿಟ್ಟು ಎದ್ದಿರಲಿಲ್ಲ. ಕಾಗೆಗಳು ಬಂಗುಡೆ ಮೀನು ಹೊತ್ತೊಯ್ದರೂ ತಲೆಯೆತ್ತಲಿಲ್ಲ. ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಅನ್ನ ಹಾಕುವ ತನ್ನನ್ನೇ ಅದು ಗುರುತಿಲ್ಲದಂತೆ ನೋಡಿದಾಗ ಚೆನ್ನಪ್ಪನ ಹೆಂಡತಿ ರಾಜೀವಿ ಹಿಂದೆ ಸರಿದಳು.

"ಹತ್ತಿರ ಹೋಗ್ಬೇಡಿ. ಅದರ ನೋಟ ಸರಿ ಇಲ್ಲ."

"ನೋಟ ನೋಡ್ಲಿಕ್ಕೆ ನೀನೆಂತ ಡಾಕ್ಟರಾ? ಮುಳ್ಳು ಸಿಕ್ಕಿದೆ ಮಾರಾಯ್ತಿ," ಎಂದು ಚೆನ್ನಪ್ಪ ನಕ್ಕ.

ರಾಜೀವಿಯ ತಮ್ಮ ಭುಜಂಗ ದವಡೆ ಹಿಡಿದ, ಚೆನ್ನಪ್ಪ ಗಂಟಲಿಗೆ ಬೆರಳಿಳಿಸಿದ. ಮುಳ್ಳು ಸಿಗಲಿಲ್ಲ. ಹಲ್ಲು ತಾಗಿ ಇಬ್ಬರ ಕೈಯೂ ತರಚಿತು. ಮರುದಿನ ಬೊಗ್ಗ ಸತ್ತುಬಿದ್ದಿತ್ತು.

ರಾಜೀವಿ ಓಡಿಹೋಗಿ ದನದ ಆಸ್ಪತ್ರೆಯ ಕಂಪೌಂಡರ್ ಸುಬ್ಬರಾಯರನ್ನು ಕರೆತಂದಳು.

"ಮುಂಗಾಲಲ್ಲಿ ಬಾಯಿ ಕೆರೆದುಕೊಳ್ತಿತ್ತಾ?" ಎಂದು ಅವರು ಕೇಳಿದರು.

"ಇಲ್ಲ. ಸುಮ್ಮನೆ ಬಿದ್ದಿತ್ತು. ಸ್ವರವೂ ಒಡೆದಿತ್ತು," ಎಂದಳು ರಾಜೀವಿ.

"ಮುಳ್ಳು ಸಿಕ್ಕಿದ ನಾಯಿ ಸುಮ್ಮನೆ ಬೀಳುವುದಿಲ್ಲ. ಬಾಯಿ ಕೆರೆದುಕೊಳ್ತದೆ, ನಿಮ್ಮ ಕಾಲ ಬುಡಕ್ಕೆ ಬಂದು ಕುಂಯ್‌ಗುಡ್ತದೆ. ಇದು ಹುಚ್ಚು."

"ಹುಚ್ಚು ನಾಯಿ ಓಡಾಡಿ ಕಚ್ಚುವುದಲ್ವಾ? ಇದು ಕಚ್ಚಲೇ ಇಲ್ಲ!" ಎಂದ ಚೆನ್ನಪ್ಪ.

"ದವಡೆಯ ಬಲವೇ ಹೋದದ್ದು ಕಚ್ಚುವುದು ಹೇಗೆ? ವಿಷ ಜೊಲ್ಲಿನಲ್ಲಿ ಉಂಟು. ಈಗಲೇ ಕೈಗೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಪೇಟೆ ಆಸ್ಪತ್ರೆಗೆ ಹೊರಡಿ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್."

"ಹದಿನಾಲ್ಕಾ!" ಭುಜಂಗ ನಕ್ಕ. "ಇಷ್ಟು ಗೀರಿಗೆ, ಬಂಗುಡೆ ಬರುವ ಹೊತ್ತಿಗೆ ಎರಡು ವಾರ ದೋಣಿ ಬಿಟ್ಟು ಕೂರುವುದಾ? ನೀವು ಹೋಗಿ ಬನ್ನಿ ಭಾವ."

ರಾಜೀವಿ ಗಂಡನ ರಟ್ಟೆ ಹಿಡಿದು ಎಳೆದೊಯ್ದಳು. ತಮ್ಮನಿಗೆ ಬೈದಳು, ಅತ್ತಳು, ಕೊನೆಗೆ ಅವನ ಕಾಲನ್ನೂ ಹಿಡಿದಳು. ಅವನು ಕಡಲಿಗೆ ಹೋದ.

ನಲವತ್ತು ದಿನ ಏನೂ ಆಗಲಿಲ್ಲ. ಆಮೇಲೆ ಭುಜಂಗನ ಕೈಯ ಹಳೆಯ ಗೀರು ಜುಮುಗುಟ್ಟಿತು. ಮತ್ತೆರಡು ದಿನಕ್ಕೆ ನೀರಿನ ಚೊಂಬು ಕಂಡರೆ ಗಂಟಲು ಸೆಳೆದುಕೊಂಡಿತು. ಕಡಲ ಮೇಲೆಯೇ ಬೆಳೆದವನು ಒಂದು ಗುಟುಕು ನೀರಿಗೆ ಹೆದರಿ ಗೋಡೆಗೆ ಒತ್ತಿಕೊಂಡ.

"ಅಕ್ಕಾ, ಈಗ ಚುಚ್ಚಿಸಿಕೊಳ್ತೇನೆ. ಕರ್ಕೊಂಡು ಹೋಗು."

ಕರೆದೊಯ್ದರು. ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ ಎಂದರು ಡಾಕ್ಟರು. ಮೂರನೆಯ ದಿನ ಭುಜಂಗ ತೀರಿಕೊಂಡ. ಹದಿನಾಲ್ಕೂ ಚುಚ್ಚಿಸಿಕೊಂಡ ಚೆನ್ನಪ್ಪ ಬದುಕಿದ. ಯಾರಾದರೂ ನಾಯಿಯ ಬಾಯಿಗೆ ಕೈಹಾಕುವುದು ಕಂಡರೆ ಆಮೇಲೆಲ್ಲ ಅವನೇ ಕೂಗಿ ತಡೆಯುತ್ತಿದ್ದ.

ನಿಮಗೂ ಹೇಳುವುದು ಇಷ್ಟೇ. ಸಾಕಿದ ನಾಯಿ ತನ್ನ ಸ್ವಭಾವ ಬಿಟ್ಟರೆ, ಮೂಲೆ ಸೇರಿದರೆ, ಸ್ವರ ಒಡೆದರೆ, ದವಡೆ ಜೋತುಬಿದ್ದರೆ ದೂರ ನಿಲ್ಲಿ. ಅನ್ನ ಹಾಕಿದ ಕೈ ಎಂಬ ಧೈರ್ಯ ಬೇಡ. ತರಚಿದ ಕೈಗೆ ಅದರ ಜೊಲ್ಲು ತಾಗಿತೇ? ಸೋಪು ಹಾಕಿ ತೊಳೆಯಿರಿ. ಮನೆಮದ್ದು ಹುಡುಕಬೇಡಿ, ನಾಳೆ ನೋಡೋಣ ಎನ್ನಬೇಡಿ. ಆಸ್ಪತ್ರೆಗೆ ಈಗಲೇ ಹೊರಡಿ.